ನೆಲಮಾಳಿಗೆಯ ಎರಡು ಭಾಷೆಯ ಕಲ್ಲು

ಅಲೆಕ್ಸಾಂಡ್ರಿಯಾದಲ್ಲಿ ನೆಲ ಅಗೆಯಹೊರಟವನು ಮೊದಲು ತನ್ನ ನಾಲಿಗೆಯನ್ನು ಹೂತಿಡಬೇಕು. ಕತ್ತೆಯೊಂದು ಕಾಲು ಜಾರಿ ಬಿದ್ದಾಗ ಸಾವಿರಾರು ವರ್ಷದ ಸಮಾಧಿಗುಹೆ ಸಿಕ್ಕಿತೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಊರು ಅದು. ಕತ್ತೆಗೇ ಅಷ್ಟು ಸಿಕ್ಕಿದ ಮೇಲೆ ಮನುಷ್ಯರಿಗೆ ಎಷ್ಟು ಸಿಗಬೇಡ ಎಂಬ ಆಸೆ ಅಲ್ಲಿನ ಪ್ರತಿ ಮನೆಯಲ್ಲೂ ಅಟ್ಟದ ಮೇಲಿನ ಹಳೆಯ ಹಾಸಿಗೆಯಂತೆ ಮಡಚಿಟ್ಟಿರುತ್ತದೆ. ಯಾರಾದರೂ ಹಾರೆ ಹಿಡಿದರೆ ಸಾಕು, ಹಾಸಿಗೆ ಬಿಚ್ಚಿಕೊಳ್ಳುತ್ತದೆ.

ಮುಹರ್ರಮ್ ಬೇ ಬಡಾವಣೆಯ ವಗ್ದಿಗೆ ಈ ವಿಷಯ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು, ಬೇಕಾದ ಹೊತ್ತಿನಲ್ಲಿ ನೆನಪಾಗಲಿಲ್ಲ. ಅವನ ಬದುಕಿನ ಬಹುಪಾಲು ಸಂಗತಿಗಳು ಹೀಗೇ ನಡೆದಿದ್ದವು. ನೀರು ಸರಬರಾಜು ಕಚೇರಿಯಲ್ಲಿ ಮೀಟರುಗಳು ಸರಿಯಾಗಿ ತಿರುಗುತ್ತವೆಯೇ ಎಂದು ಪರೀಕ್ಷಿಸುವುದು ಅವನ ಕೆಲಸ. ಇಂಜಿನಿಯರ್ ಅಲ್ಲ. ಆದರೆ ಕನ್ನಡಕ ಹಾಕಿಕೊಂಡು ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡವರನ್ನೆಲ್ಲ ಆ ಊರು ಇಂಜಿನಿಯರ್ ಎಂದೇ ಕರೆಯುತ್ತದೆ. ಮೊದಮೊದಲು ವಗ್ದಿ ತಿದ್ದುತ್ತಿದ್ದ. ಆಮೇಲೆ ಮುಗುಳ್ನಗುತ್ತಿದ್ದ. ಐವತ್ತರ ಹತ್ತಿರ ಬಂದಾಗ, ಹಾಗೆ ಕರೆಯದವರನ್ನು ಕಂಡರೆ ಸ್ವಲ್ಪ ಬೇಸರವೇ ಆಗುತ್ತಿತ್ತು.

ಅದೊಂದು ಸೋಮವಾರ. ವಗ್ದಿಯ ಮನೆಯಲ್ಲಿ ಸೋಮವಾರ, ಗುರುವಾರ ಬಟ್ಟೆ ಒಗೆಯುವ ದಿನ. ಹೆಂಡತಿ ಸುಹೈರ್ ವಾಷಿಂಗ್ ಮೆಷಿನ್ನಿಗೆ ಬಟ್ಟೆ ತುಂಬಿ ಇನ್ನೇನು ಗುಂಡಿ ತಿರುಗಿಸಬೇಕು, ಒಳಕೋಣೆಯಿಂದ ಅತ್ತೆ ದೌಲತ್ ಕೂಗಿದಳು.

"ಮುಗೀತಾ?"

"ಏನು ಮುಗೀತಾ ಅತ್ತೆ? ಇನ್ನೂ ಶುರುವೇ ಮಾಡಿಲ್ಲ."

"ಮುಗೀತಾ ಅಂತ ಕೇಳ್ದೆ ಅಷ್ಟೆ."

ಸುಹೈರ್ ಗುಂಡಿ ತಿರುಗಿಸಿ ಗಂಡನ ಕಡೆ ನೋಡಿದಳು. "ಮದುವೆ ಆಗಿ ಬಂದ ದಿನದಿಂದ ಕೇಳ್ತಿದೀನಿ. ಗುಂಡಿ ಮೇಲೆ ಕೈ ಇಟ್ಟರೆ ಸಾಕು, ಮುಗೀತಾ. ಒಂದು ದಿನ ಹೌದು, ನನ್ನ ಆಯುಷ್ಯಾನೇ ಮುಗೀತು ಅಂತೀನಿ ನೋಡಿ."

"ವಯಸ್ಸಾಯ್ತಲ್ಲ" ಎಂದ ವಗ್ದಿ.

"ಆಗಿನ್ನೂ ವಯಸ್ಸಾಗಿರ್ಲಿಲ್ಲ."

ಅದಕ್ಕೆ ವಗ್ದಿಯ ಬಳಿ ಉತ್ತರ ಇತ್ತು. ಹೇಳಲಿಲ್ಲ. ಅಷ್ಟರಲ್ಲಿ ಕಟ್ಟಡದ ಕಾವಲುಗಾರ ಇದ್ರೀಸ್ ಬಾಗಿಲು ಬಡಿದ. ಲಿಫ್ಟ್ ಕೆಟ್ಟು ಎಷ್ಟೋ ಕಾಲವಾಗಿದ್ದರಿಂದ ಕಟ್ಟಡದ ಸುದ್ದಿಗಳೆಲ್ಲ ಇದ್ರೀಸನ ಮಂಡಿಯ ಮೇಲೆಯೇ ಮೇಲೇರಬೇಕು. ಪ್ರತಿ ಮಹಡಿಯಲ್ಲೂ ಅವನು ಮೊದಲು ಮಂಡಿಯ ಬಗ್ಗೆ ಹೇಳಿ, ಆಮೇಲೆ ಸುದ್ದಿ ಹೇಳುತ್ತಿದ್ದ.

"ಗುರುವಾರ ನೆಲಮಾಳಿಗೆಗೆ ಮರಳು ತುಂಬಿ ಕಾಂಕ್ರೀಟ್ ಹಾಕ್ತಾರೆ ಇಂಜಿನಿಯರ್ ಸಾಹೇಬ್ರೆ. ಕಂಬಗಳು ಕೂತ್ಕೊಂಡು ಬಿಟ್ಟಿವೆಯಂತೆ. ಯಾರದ್ದಾದ್ರೂ ಸಾಮಾನಿದ್ರೆ ತಗೊಂಡ್ಬಿಡಿ ಅಂದ್ರು ಮಾಲೀಕರು."

ವಗ್ದಿಯ ಕೈಯಲ್ಲಿದ್ದ ಚಹಾ ಲೋಟ ಕೆಳಗೆ ಬಿತ್ತು. ಇದ್ರೀಸ್ ಅದನ್ನು ನೋಡಿದ. ಇದ್ರೀಸ್ ನೋಡಿದ ಯಾವುದೂ ವ್ಯರ್ಥವಾಗುವುದಿಲ್ಲ.

ವಿಷಯ ಇಷ್ಟು. ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ವಗ್ದಿಯ ತಂದೆ ಒಂದು ತಗಡಿನ ಪೆಟ್ಟಿಗೆ ಇಟ್ಟು ಬಾಗಿಲಿಗೆ ಇಟ್ಟಿಗೆ ಗೋಡೆ ಕಟ್ಟಿಸಿದ್ದರು. ಚರಂಡಿ ನೀರು ಬರುತ್ತದೆ ಎಂಬುದು ಊರಿಗೆ ಹೇಳಿದ ಕಾರಣ. ಪೆಟ್ಟಿಗೆಯೊಳಗಿದ್ದದ್ದು ಕಂಪ್ಯೂಟರು. ಆಗ ಮನೆಗಳಿಗೆ ಬರುತ್ತಿದ್ದ ಬಗೆಯದು: ಕೀಲಿಮಣೆಯೊಳಗೇ ಯಂತ್ರವೆಲ್ಲ ಅಡಗಿದ, ಟಿವಿಗೆ ಸಿಕ್ಕಿಸಿ ಆಡುವಂಥದ್ದು. ಕುವೈತಿನಲ್ಲಿ ದುಡಿದು ಮರಳುವಾಗ ತಂದೆ ಒಂದು ಫ್ಯಾನು, ಎರಡು ಕಂಬಳಿ ಮತ್ತು ಇದನ್ನು ತಂದಿದ್ದರು. ಕಪ್ಪು ಮೈ, ಬೂದು ಕೀಲಿ, ಪ್ರತಿ ಕೀಲಿಯ ಮೇಲೂ ಒಂದು ಅರಬ್ಬಿ ಅಕ್ಷರ, ಒಂದು ಇಂಗ್ಲಿಷ್ ಅಕ್ಷರ. ಒತ್ತಿದರೆ ಒಳ್ಳೆ ಬಾದಾಮಿ ಒಡೆದಂತೆ ಟಕ್ಕೆನ್ನುತ್ತಿತ್ತು. ಉದ್ದನೆಯ ಕೀಲಿಯನ್ನು ಗುದ್ದಿದರೆ ಮಾತ್ರ ಧಡ್. ಈಗಿನ ಫೋನಿನ ಗಾಜಿನ ಮೇಲೆ ಬೆರಳು ಸವರುವಾಗಲೆಲ್ಲ ವಗ್ದಿಗೆ ಊಟದ ಚಿತ್ರ ನೆಕ್ಕಿದಂತೆ ಅನ್ನಿಸುತ್ತಿತ್ತು.

ಆ ಕೀಲಿಮಣೆ ಅಣ್ಣ ಆತೆಫನದು. ವಗ್ದಿಗೆ ಇದ್ದದ್ದು ಓದುವ ಕೆಲಸ. ಪತ್ರಿಕೆಯಲ್ಲಿ ಅಚ್ಚಾದ ಪ್ರೋಗ್ರಾಮನ್ನು ಸಾಲುಸಾಲಾಗಿ ಅವನು ಗಟ್ಟಿಯಾಗಿ ಓದಬೇಕು, ಆತೆಫ್ ಒತ್ತಬೇಕು. ಒಂದು ಅಲ್ಪವಿರಾಮ ಬಿಟ್ಟರೆ ಆಟದೊಳಗಿನ ಹಾವು ಗೋಡೆ ತೂರಿ ಹೋಗುತ್ತಿತ್ತು. ಕೊನೆಕೊನೆಗೆ ಆತೆಫ್ ಪತ್ರಿಕೆ ಬದಿಗಿಟ್ಟು ತಾನೇ ಒಂದು ಆಟ ಬರೆದ. ಹೆಸರು ಟ್ರಾಮ್. ಅಕ್ಷರಗಳಿಂದಲೇ ಮಾಡಿದ ಟ್ರಾಮು, ನಕ್ಷತ್ರ ಚಿಹ್ನೆಯ ಪ್ರಯಾಣಿಕರು, ಪರದೆಯ ಕೆಳಗೆ ಅಲೆಗಳ ಬದಲು ಸಾಲಾಗಿ ಅಲ್ಪವಿರಾಮಗಳು. ನಿಲ್ದಾಣ ತಪ್ಪಿದರೆ ಟ್ರಾಮು ಸಮುದ್ರಕ್ಕೆ.

ಆ ಯಂತ್ರಕ್ಕೆ ನೆನಪು ಇರಲಿಲ್ಲ. ಆರಿಸಿದರೆ ಎಲ್ಲ ಮರೆಯುತ್ತಿತ್ತು. ಬರೆದದ್ದನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ಕಿರುಚಾಟವಾಗಿ ಮುದ್ರಿಸಿ ಇಡಬೇಕು. ಯಾವ ಆಟವೆಂದು ತಿಳಿಯಲು ಆತೆಫ್ ಮೊದಲು ತಂತಿ ಕಿತ್ತು, ಟೇಪ್ ರೆಕಾರ್ಡರಿಗೆ ಬಾಯಿಂದ ಹೆಸರು ಹೇಳಿ, ಆಮೇಲೆ ತಂತಿ ಸಿಕ್ಕಿಸುತ್ತಿದ್ದ. ಮುದ್ರಣ ನಡೆಯುವಾಗ ಅಡುಗೆಮನೆಯಲ್ಲಿ ವಾಷಿಂಗ್ ಮೆಷಿನ್ ಶುರುವಾದರೆ ಕರೆಂಟ್ ಕುಗ್ಗಿ ಎಲ್ಲ ಹಾಳು. ಅದಕ್ಕೇ ದೌಲತ್ ಗುಂಡಿ ತಿರುಗಿಸುವ ಮೊದಲು ಕೂಗುತ್ತಿದ್ದಳು: ಮುಗೀತಾ?

ಆತೆಫ್ ಸೈನ್ಯದ ಕಡ್ಡಾಯ ಸೇವೆಗೆ ಹೋದ. ಮರುಭೂಮಿಯ ರಸ್ತೆಯಲ್ಲಿ ಲಾರಿ ಉರುಳಿತು. ತಂದೆ ಪೆಟ್ಟಿಗೆ ಇಟ್ಟು ಗೋಡೆ ಕಟ್ಟಿಸಿದರು. ಅಂದಿನಿಂದ ಆ ಮನೆಯಲ್ಲಿ ಅವನ ಹೆಸರು ಎತ್ತುವಂತಿರಲಿಲ್ಲ. ಎತ್ತಿದರೆ ದೌಲತ್ ದಿನಗಟ್ಟಲೆ ಉಣ್ಣುತ್ತಿರಲಿಲ್ಲ. ಅವನ ಚಿತ್ರಗಳಿದ್ದವು, ಅಂಗಿಯೊಂದಿತ್ತು. ದನಿ ಮಾತ್ರ ಆ ಗೋಡೆಯ ಹಿಂದಿನ ಕ್ಯಾಸೆಟ್ಟಿನಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ.

ಇಷ್ಟು ಕಾಲ ವಗ್ದಿ ಗೋಡೆ ಒಡೆಯಲಿಲ್ಲವೇಕೆ? ಒಡೆದು ನೋಡಿ, ನೀರು ನುಗ್ಗಿ ಟೇಪು ಹಾಳಾಗಿದ್ದರೆ? ಒಡೆಯದಿದ್ದರೆ ಅಣ್ಣ ಅಲ್ಲಿ ಇದ್ದಾನೆ. ಗುರುವಾರದ ಕಾಂಕ್ರೀಟಿಗೆ ಈ ತರ್ಕ ಅರ್ಥವಾಗುವಂತಿರಲಿಲ್ಲ. ತೆಗೆಯಲೇಬೇಕು, ತಾನೊಬ್ಬನೇ ಮೊದಲು ಕೇಳಬೇಕು, ದನಿ ಉಳಿದಿದ್ದರೆ ಮಾತ್ರ ಅಮ್ಮನಿಗೆ ಹೇಳಬೇಕು. ಉಳಿದಿಲ್ಲದಿದ್ದರೆ ಅವಳಿಗೆ ಸುಳಿವೂ ಸಿಗಬಾರದು. ಮಗನನ್ನು ಎರಡು ಸಲ ಹೂಳುವುದು ಬೇಡ.

ಯೋಜನೆ ಚೆನ್ನಾಗಿತ್ತು. ಹಾಳಾದದ್ದು ಇದ್ರೀಸನ ಬೆಂಚಿನ ಬಳಿ.

"ಇದ್ರೀಸ್ ಕಾಕಾ, ನೆಲಮಾಳಿಗೆ ಕೊನೇ ಕೋಣೆಗೆ ನಮ್ಮಪ್ಪ ಗೋಡೆ ಕಟ್ಟಿಸಿದ್ರಲ್ಲ, ಅದನ್ನ ಒಡೀಬೇಕು. ಒಳಗೊಂದು ಪೆಟ್ಟಿಗೆ ಇದೆ."

ಇದ್ರೀಸ್ ಹುಕ್ಕಾದ ಕೊಳವೆ ಬಾಯಿಂದ ತೆಗೆದ. "ಪೆಟ್ಟಿಗೇಲಿ?"

ಆಟದ ಸಾಮಾನು ಎನ್ನಲು ಇಂಜಿನಿಯರ್ ಸಾಹೇಬರಿಗೆ ನಾಚಿಕೆಯಾಯಿತು. "ಹಳೇದೊಂದು."

"ಎಷ್ಟು ಹಳೇದು?"

"ಬಹಳ. ಈಗ ಅಂಥದ್ದು ಎಲ್ಲೂ ಮಾಡಲ್ಲ. ಹೊರದೇಶದೋರು ಹುಡುಕ್ಕೊಂಡು ಬಂದು ತಗೋತಾರಂತೆ."

"ನೋಡೋಕೆ ಹೇಗಿದೆ?"

ವಗ್ದಿ ಕೈಯಲ್ಲಿ ಅಳತೆ ತೋರಿಸಿದ. ಅಳತೆಯ ವಿಷಯದಲ್ಲಿ ಅವನು ಎಂದೂ ಸುಳ್ಳು ಹೇಳಿದವನಲ್ಲ. "ಕಪ್ಪು. ಇಷ್ಟುದ್ದ, ಇಷ್ಟಗಲ. ಮೇಲೆಲ್ಲ ಅಕ್ಷರ. ಎರಡು ಭಾಷೇದು."

ಇದ್ರೀಸ್ ಕೊಳವೆಯನ್ನು ಬೆಂಚಿನ ಮೇಲಿಟ್ಟ. ಎರಡು ಭಾಷೆಯ ಅಕ್ಷರ ಕೆತ್ತಿದ ಕಪ್ಪು ಕಲ್ಲೊಂದು ಪಕ್ಕದ ರಶೀದ್ ಊರಿನಲ್ಲಿ ಸಿಕ್ಕಿದ್ದು, ಇಂಗ್ಲಿಷರು ಅದನ್ನು ಹೊತ್ತುಕೊಂಡು ಹೋಗಿ ಗಾಜಿನ ಪೆಟ್ಟಿಗೆಯಲ್ಲಿಟ್ಟದ್ದು ಆ ದೇಶದಲ್ಲಿ ಶಾಲೆಯ ಮೆಟ್ಟಿಲು ಹತ್ತದವನಿಗೂ ಗೊತ್ತು. ಅದಕ್ಕೊಂದು ಜೋಡಿ ಇರಬಹುದೆಂಬ ಯೋಚನೆ ಇದ್ರೀಸನಿಗೆ ಹಿಂದೆಯೂ ಬಂದಿತ್ತು. ಅದು ತನ್ನ ಬೆಂಚಿನ ಕೆಳಗೇ ಇದೆಯೆಂದು ಮಾತ್ರ ಅಂದುಕೊಂಡಿರಲಿಲ್ಲ.

"ಯಾರಿಗೂ ಹೇಳ್ಬೇಡ ಕಾಕಾ. ಮುಖ್ಯವಾಗಿ ಅಮ್ಮನಿಗೆ."

"ನಿಮ್ಮ ಗುಟ್ಟು ಬಾವಿಗೆ ಬಿದ್ದಂಗೆ ಅನ್ಕೊಳ್ಳಿ" ಎಂದ ಇದ್ರೀಸ್.

ಬಾವಿಯೇ ನಿಜ. ಇಡೀ ಕಟ್ಟಡದವರು ನೀರು ಸೇದುತ್ತಿದ್ದದ್ದು ಅದರಿಂದಲೇ.

ಮರುದಿನ ಬೆಳಿಗ್ಗೆ ವಗ್ದಿ ಬಾಲ್ಕನಿಗೆ ಬಂದರೆ ಮೂಗಿನ ಮುಂದೆ ಒಂದು ಬುಟ್ಟಿ ತೂಗಾಡುತ್ತಿತ್ತು. ಮೇಲಿನ ಮನೆಯ ಅಫ್ಕಾರ್ ಮೇಡಂ ಹಗ್ಗ ಕಟ್ಟಿ ಅಂಗಡಿಗೆ ಇಳಿಬಿಡುವ ಬುಟ್ಟಿ. ಅದು ಇಷ್ಟು ವರ್ಷ ಇವನ ಬಾಲ್ಕನಿ ದಾಟಿಕೊಂಡು ಹೋಗುತ್ತಿತ್ತೇ ಹೊರತು ಒಮ್ಮೆಯೂ ನಿಂತದ್ದಿಲ್ಲ. ಇವತ್ತು ನಿಂತಿತು. ಒಳಗೆ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ್ದು, ಇನ್ನೂ ಹಬೆಯಾಡುತ್ತಿತ್ತು.

"ತಗೋ ಮಗಾ" ಎಂದಳು ಮೇಲಿಂದ. "ಅಗೆಯೋ ಕೈಗೆ ಶಕ್ತಿ ಬೇಕಲ್ಲ."

"ಏನು ಅಗೆಯೋದು ಮೇಡಂ?"

"ಏನೂ ಇಲ್ಲ. ಕಲ್ಲೇ ಇಲ್ಲ ಅಂತ ನಾನೂ ಎಲ್ಲರಿಗೂ ಹೇಳ್ತಿದೀನಿ."

"ಯಾವ ಕಲ್ಲು?"

"ಹಾಂ, ಹಾಗೇ ಹೇಳು. ಮುಖಾನೂ ಹಾಗೇ ಇಟ್ಕೋ." ಹಗ್ಗ ಮೇಲೆಳೆಯುತ್ತ ದನಿ ತಗ್ಗಿಸಿದಳು, ತಗ್ಗಿಸಿದ ದನಿ ಎದುರು ಬೀದಿಗೂ ಕೇಳಿತು. "ಮೇಲಿನ ಮನೆಯೋರಿಗೂ ಹಕ್ಕಿರುತ್ತೆ ಅನ್ನೋದೊಂದು ಮರೀಬೇಡ."

ಬೇಯಿಸಿದ ಅವರೆಬೀಜದ ಗಾಡಿಯವನು ಕೇಳದೇ ಮೊಟ್ಟೆ ಇಟ್ಟುಕೊಟ್ಟ. ಒಂದನೇ ಮಹಡಿಯ ನಿವೃತ್ತ ಮೇಷ್ಟರು ಮೆಟ್ಟಿಲಲ್ಲಿ ತಡೆದು, "ಬ್ರಿಟಿಷರಿಗೆ ಮಾತ್ರ ಕೊಡಬೇಡಪ್ಪ" ಎಂದು ಕಣ್ಣು ಒರೆಸಿಕೊಂಡರು. ವಗ್ದಿ ಆಗಲಿ ಎಂದ. ಅವನ ಸ್ವಭಾವವೇ ಹಾಗೆ. ಅರ್ಥವಾಗದ ಮಾತಿಗೆ ಆಗಲಿ ಎನ್ನುತ್ತಿದ್ದ. ಮೇಷ್ಟರು ಅದನ್ನು ಪ್ರಮಾಣವಚನವೆಂದು ಎಲ್ಲರಿಗೂ ಹೇಳಿದರು.

ಸಂಜೆಗೆ ಸುಹೈರಳ ತಮ್ಮ ಫಿಕ್ರಿ ಬಂದ. ಮೊಬೈಲ್ ಅಂಗಡಿ ಇಟ್ಟವನು. ಕುನಾಫಾ ಸಿಹಿಯ ದೊಡ್ಡ ಡಬ್ಬಿ ತಂದಿದ್ದ. ಹಿಂದೆ ಅವನು ಅಕ್ಕನ ಹೆರಿಗೆಗೂ ಬರಿಗೈಯಲ್ಲಿ ಬಂದಿದ್ದ.

"ಭಾವ, ಬೀದಿಯೋರಿಗೆಲ್ಲ ಗೊತ್ತು, ನಾನು ಮಾತ್ರ ಹೊರಗಿನೋನಾ?"

"ಫಿಕ್ರಿ, ಅದು ಕಲ್ಲಲ್ಲ. ಕಂಪ್ಯೂಟರು. ನಾನು ಚಿಕ್ಕೋನಿದ್ದಾಗ ಆಟ ಆಡ್ತಿದ್ದದ್ದು."

ಫಿಕ್ರಿ ಭಾವನನ್ನು ಮೊದಲ ಬಾರಿಗೆ ಗೌರವದಿಂದ ನೋಡಿದ. "ಪರವಾಗಿಲ್ಲ ಭಾವ. ಪೊಲೀಸರು ಕೇಳಿದ್ರೆ ಇದನ್ನೇ ಹೇಳಿ. ಇಷ್ಟು ದಡ್ಡತನದ ಸುಳ್ಳನ್ನ ಯಾರೂ ಹುಟ್ಟಿಸಿ ಹೇಳಲ್ಲ, ನಂಬಿಬಿಡ್ತಾರೆ."

"ಸುಳ್ಳಲ್ಲ ಮಾರಾಯ."

"ಹಾಗಾದ್ರೆ ಆಟದ ಸಾಮಾನಿಗೆ ಈ ವಯಸ್ಸಲ್ಲಿ ಗೋಡೆ ಒಡೀತೀರಾ? ಅಂಗಡೀಲಿ ಹೊಸದು ಕೊಡ್ತೀನಿ, ಗೋಡೆ ಬಿಟ್ಬಿಡ್ತೀರಾ?"

ವಗ್ದಿ ಬಾಯಿ ತೆರೆದ. ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮಿದಳು. ಬಾಯಿ ಮುಚ್ಚಿದ.

"ನೋಡಿದ್ಯಾ ಅಕ್ಕ?" ಎಂದ ಫಿಕ್ರಿ. "ಬಿಡಲ್ವಂತೆ."

ಸುಹೈರ್ ಕುನಾಫಾ ಹಂಚುತ್ತಿದ್ದಳು. ಗಂಡನ ಪಾಲು ಎಲ್ಲರಿಗಿಂತ ಚಿಕ್ಕದು. "ಇದ್ರೀಸನಿಗೆ ಹೇಳಿದ್ರಿ. ನನಗೆ ಹೇಳ್ಲಿಲ್ಲ."

"ಗುರುವಾರ ಹೇಳ್ತೀನಿ."

"ಗುರುವಾರ ನಾನು ಬಟ್ಟೆ ಒಗೀತಿರ್ತೀನಿ" ಎಂದಳು. ಮದುವೆಯಾದವರಿಗೆ ಈ ವಾಕ್ಯದ ಬಿಸಿ ವಿವರಿಸಬೇಕಾಗಿಲ್ಲ.

ಬುಧವಾರ ಫಿಕ್ರಿ ಒಬ್ಬ ಶೇಖನನ್ನು ಕರೆತಂದ. ನಿಧಿಯಿದ್ದಲ್ಲಿ ಕಾವಲಿಗೆ ಜಿನ್ ಎಂಬ ಭೂತ ಇರುತ್ತದೆ, ಅದನ್ನು ಎಬ್ಬಿಸಲು ಮೊರಾಕೊದ ಶೇಖನೇ ಆಗಬೇಕು ಎಂಬುದು ಅಲ್ಲಿನ ನಂಬಿಕೆ. ಈ ಶೇಖ ತಾನು ಮೊರಾಕೊದವನು ಎಂದ. ಮಾತು ಮಾತ್ರ ಎರಡು ಗಂಟೆ ಬಸ್ಸಿನ ದಾರಿಯ ದಮನ್ಹೂರಿನದು. ನೆಲಮಾಳಿಗೆಯ ಮೆಟ್ಟಿಲಲ್ಲಿ ಧೂಪ ಹಾಕಿ, ಮೂಗನ್ನು ಇಟ್ಟಿಗೆ ಗೋಡೆಗೆ ಹಚ್ಚಿ ಮೂಸಿದ.

"ಕಾವಲಿದೆ. ಎಳೇ ವಯಸ್ಸಿನದು."

ವಗ್ದಿ ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಬಿಡಿಸುವಾಗ ಕಿರುಚುತ್ತೆ. ಕಿವಿ ಹರಿದು ಹೋಗೋ ಹಾಗೆ. ಆಗ ಯಾರೂ ಇದ್ದಲ್ಲಿಂದ ಕದಲಬಾರದು. ಕದಲಿದೋನ ಕತೆ ಮುಗೀತು."

ಗುರುವಾರ ಬೆಳಿಗ್ಗೆ ಮರಳಿನ ಲಾರಿ ಬಂದು ಬಾಗಿಲಲ್ಲಿ ನಿಂತಿತು. ಲಾರಿಯವರಿಗೂ ಸುದ್ದಿ ಮುಟ್ಟಿತ್ತು; ಮರಳು ಇಳಿಸುವ ಆತುರ ಯಾರಿಗೂ ಇರಲಿಲ್ಲ. ಇಡೀ ಕಟ್ಟಡ ನೆಲಮಾಳಿಗೆಯ ಮೆಟ್ಟಿಲಲ್ಲಿ ಮದುವೆಯ ಫೋಟೋಗೆ ನಿಂತಂತೆ ನಿಂತಿತ್ತು. ದೌಲತ್ ಮತ್ತು ಸುಹೈರ್ ಇಬ್ಬರೇ ಮನೆಯಲ್ಲಿ.

ವಗ್ದಿ ಹಾರೆ ಎತ್ತಿದ. ಮೀಟರಿನ ಮುಳ್ಳು ತಿರುಗಿಸಿ ಗೊತ್ತಿದ್ದ ಕೈ ಅದು. ಮೊದಲ ಏಟು ಗೋಡೆಗೆ, ಎರಡನೆಯದು ಫಿಕ್ರಿಯ ಬೂಟಿಗೆ ಬಿತ್ತು. ಕೊನೆಗೆ ಇದ್ರೀಸ್ ಹಾರೆ ಕಸಿದುಕೊಂಡ. ಮಂಡಿ ನೋವು ಆ ಹೊತ್ತಿಗೆ ಎಲ್ಲಿ ಹೋಗಿತ್ತೋ. ಇಟ್ಟಿಗೆ ಉದುರಿದವು. ಒಳಗೆ ನೆಲದಿಂದ ಎತ್ತರಕ್ಕೆ, ಎರಡು ಸಿಮೆಂಟ್ ದಿಮ್ಮಿಗಳ ಮೇಲೆ ತಗಡಿನ ಪೆಟ್ಟಿಗೆ ಕೂತಿತ್ತು. ಗೋಡೆಯ ಮೇಲೆ ನೀರು ಏರಿದ ಗುರುತು ಪೆಟ್ಟಿಗೆಯ ತಳಕ್ಕಿಂತ ಒಂದು ಗೇಣು ಕೆಳಗೆ ನಿಂತಿತ್ತು. ಅಪ್ಪ ಹೂಳಿರಲಿಲ್ಲ, ಕಾಪಾಡಿಟ್ಟಿದ್ದರು. ವಗ್ದಿ ಆ ಗುರುತನ್ನೇ ನೋಡುತ್ತ ನಿಂತ.

"ಯಾರೂ ಮುಟ್ಟಬೇಡಿ" ಎಂಬ ದನಿ ಕೇಳಿತು.

ಪೊಲೀಸ್ ಅಧಿಕಾರಿ ಲುತ್ಫಿ, ಹಿಂದೆ ಇಬ್ಬರು ಕಾನ್‌ಸ್ಟೇಬಲ್‌ಗಳು. ಪುರಾತನ ವಸ್ತುಗಳ ವಿಭಾಗದವನು. ವಗ್ದಿಯದೇ ವಯಸ್ಸು, ವಗ್ದಿಯಂಥದೇ ಕನ್ನಡಕ. ನಡುವಿನ ವ್ಯತ್ಯಾಸ ಪಿಸ್ತೂಲು.

"ಪಾಷಾ, ಇಲ್ಲಿ ಯಾವ ಕಲ್ಲೂ ಇಲ್ಲ" ಎಂದಳು ಅಫ್ಕಾರ್ ಮೇಡಂ. ಪೊಲೀಸ್ ಸಾಹೇಬರನ್ನೆಲ್ಲ ಆ ಊರು ಪಾಷಾ ಎಂದೇ ಕರೆಯುತ್ತದೆ.

"ನಾನಿನ್ನೂ ಕಲ್ಲು ಅಂತ ಹೇಳೇ ಇಲ್ಲವಲ್ಲ ತಾಯಿ."

"ಅದಕ್ಕೇ ಇಲ್ಲ ಅಂದೆ."

"ಭಾವ, ಆಟದ ಸಾಮಾನು ಅನ್ನಿ, ಆಟದ ಸಾಮಾನು" ಎಂದು ಫಿಕ್ರಿ ಕಿವಿಯಲ್ಲಿ ಉಸುರಿದ. ಹಾಗೆ ಉಸುರಿದ್ದು ಇಬ್ಬರೂ ಕಾನ್‌ಸ್ಟೇಬಲ್‌ಗಳಿಗೆ ಕೇಳಿಸಿತು.

"ತೆಗೀರಿ" ಎಂದ ಲುತ್ಫಿ.

"ಪಾಷಾ, ಒಂದೇ ಒಂದು ಬೇಡಿಕೆ" ಎಂದ ವಗ್ದಿ. "ಮೇಲೆ ನಮ್ಮಮ್ಮ ಇದಾಳೆ. ಅವಳಿಗೆ ಗೊತ್ತಾಗೋದು ಬೇಡ."

"ಎಲ್ಲ ಕಳ್ಳರೂ ಇದನ್ನೇ ಹೇಳೋದು. ತೆಗೀರಿ."

ಮುಚ್ಚಳ ಎತ್ತಿದರು. ಮೇಲೊಂದು ಹಳದಿ ಟವೆಲು. ಟವೆಲು ಸರಿಸಿದರೆ ಕಪ್ಪು ಮೈ, ಬೂದು ಕೀಲಿ, ಎರಡು ಭಾಷೆಯ ಅಕ್ಷರ. ವಗ್ದಿ ಹೇಳಿದ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮೆಟ್ಟಿಲ ಮೇಲಿನ ನಿಟ್ಟುಸಿರಿಗೆ ಧೂಪದ ಹೊಗೆಯೇ ಅಲುಗಾಡಿತು. ನಿವೃತ್ತ ಮೇಷ್ಟರು ಅಲ್ಲೇ ಕೂತರು. ಇದ್ರೀಸನಿಗೆ ಮಂಡಿ ನೋವು ಮರಳಿತು.

"ರೂಪ ಬದಲಾಯಿಸಿದೆ" ಎಂದ ಶೇಖ. "ಕಾವಲಿನ ಕೆಲಸ."

ಲುತ್ಫಿ ಹತ್ತಿರ ಬಂದ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಟೋಪಿ ತೆಗೆದು ಕಾನ್‌ಸ್ಟೇಬಲ್‌ನ ಕೈಗೆ ಕೊಟ್ಟ. ಒಂದು ಬೆರಳಿನಿಂದ ಉದ್ದ ಕೀಲಿಯನ್ನು ಗುದ್ದಿದ.

ಧಡ್.

"ಹೌದು" ಎಂದ, ಯಾರೋ ಏನೋ ಕೇಳಿದ ಹಾಗೆ. ಇನ್ನೊಮ್ಮೆ ಗುದ್ದಿದ. "ನಮ್ಮನೇಲೂ ಇತ್ತು ರೀ. ನಾನು ಪರೀಕ್ಷೆಗೆ ಹೋಗಿದ್ದೆ. ನಮ್ಮಮ್ಮ ಹಳೇ ಸಾಮಾನಿನವನ ಗಾಡಿಗೆ ಕೊಟ್ಟು ಒಂದು ಪ್ಲಾಸ್ಟಿಕ್ ಬೋಗುಣಿ ತಗೊಂಡ್ಲು. ಕೆಂಪು ಬೋಗುಣಿ. ಅದರಲ್ಲಿ ಕಾಲು ತೊಳೆಯೋವಾಗೆಲ್ಲ..." ಕಾನ್‌ಸ್ಟೇಬಲ್‌ಗಳು ನೋಡುತ್ತಿರುವುದು ನೆನಪಾಗಿ ಕೆಮ್ಮಿದ. "ವರದಿ ಬರೀಬೇಕಲ್ಲ. ಯಂತ್ರ ನಡೆಯುತ್ತಾ ಇಲ್ಲವಾ ನೋಡಿಯೇ ಬರೀಬೇಕು."

ಯಾವ ಕಾನೂನಿನಲ್ಲೂ ಹಾಗಿಲ್ಲ. ಆದರೆ ಪಿಸ್ತೂಲು ಇದ್ದವನಿಗೆ ಯಾರು ಹೇಳುತ್ತಾರೆ?

"ಹಳೇ ಟಿವಿ ಬೇಕು" ಎಂದ ಲುತ್ಫಿ. "ಆಂಟೆನಾ ತೂತು ಇರೋದು."

"ದೌಲತ್ ದೊಡ್ಡಮ್ಮನ ಕೋಣೇಲಿದೆ ಪಾಷಾ" ಎಂದ ಫಿಕ್ರಿ. ಅವನು ಅಕ್ಕನ ಮನೆಗೆ ಮಾಡಿದ ಒಂದೇ ಉಪಕಾರ ಅದು, ಬೇಡದ ಹೊತ್ತಿನಲ್ಲಿ.

"ಬೇಡ" ಎಂದ ವಗ್ದಿ. "ಆ ಕೋಣೆ ಬೇಡ." ಆದರೆ ಪೆಟ್ಟಿಗೆ ಆಗಲೇ ಇಬ್ಬರು ಕಾನ್‌ಸ್ಟೇಬಲ್‌ಗಳ ಕೈಯಲ್ಲಿ ಮೆಟ್ಟಿಲು ಹತ್ತುತ್ತಿತ್ತು, ಹಿಂದೆ ಇಡೀ ಕಟ್ಟಡ ಹತ್ತುತ್ತಿತ್ತು, ಅದರ ಹಿಂದೆ ಧೂಪ.

ಅಡುಗೆಮನೆಯಲ್ಲಿ ವಾಷಿಂಗ್ ಮೆಷಿನ್ ಗುಡುಗುಡು ತಿರುಗುತ್ತಿತ್ತು. ಬಂದವರನ್ನು ನೋಡಿ ಸುಹೈರ್ ಸೋಪಿನ ಕೈಯಲ್ಲೇ ಗೋಡೆಗೆ ಒರಗಿದಳು. ದೌಲತ್ ಮಂಚದ ಮೇಲೆ ಕೂತಿದ್ದಳು. ಪೆಟ್ಟಿಗೆ ಅವಳ ಕಾಲ ಬಳಿ ಇಳಿಯಿತು.

ವಗ್ದಿ ಅಮ್ಮನ ಮುಖ ನೋಡಲಾರದೆ ಟಿವಿಯ ಹಿಂದೆ ತಲೆ ತೂರಿಸಿ ತಂತಿ ಜೋಡಿಸತೊಡಗಿದ. ಪ್ಲಗ್ ಹಾಕಿದ, ಗುಂಡಿ ಒತ್ತಿದ. ಪರದೆಯಲ್ಲಿ ಇರುವೆಗಳ ಜಾತ್ರೆ ಬಿಟ್ಟರೆ ಬೇರೇನೂ ಇಲ್ಲ. ತಂತಿ ಬದಲಿಸಿದ, ಟಿವಿಯ ತಲೆಗೆ ತಟ್ಟಿದ. ಲುತ್ಫಿಯೂ ತಟ್ಟಿದ. ಯಂತ್ರ ಏಳಲಿಲ್ಲ.

"ಸತ್ತಿದೆ" ಎಂದ ಲುತ್ಫಿ. ವರದಿಗೆ ಹೇಳಿದ ದನಿ ಅದಾಗಿರಲಿಲ್ಲ.

ಆಗ ದೌಲತ್ ಬಗ್ಗಿ ಕೀಲಿಮಣೆಯ ಮೇಲೆ ಕೈ ಆಡಿಸಿದಳು, ಮಕ್ಕಳ ತಲೆ ಸವರುವ ಹಾಗೆ. ಮೂಲೆಯ ಒಂದು ಕೀಲಿ ಒತ್ತಿದಳು. ಅದು ಕೆಳಗೇ ಉಳಿಯಿತು.

"ಇದು ಆಗಲೂ ಅಂಟ್ಕೋತಿತ್ತು" ಎಂದಳು. "ನಾನೇ ಚಹಾ ಚೆಲ್ಲಿದ್ದು. ಆತೆಫ್ ಎರಡು ದಿನ ಮಾತು ಬಿಟ್ಟಿದ್ದ."

ಆ ಹೆಸರು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದು ಎಷ್ಟು ಕಾಲವಾಗಿತ್ತೋ. ವಗ್ದಿ ಟಿವಿಯ ಹಿಂದಿನಿಂದ ತಲೆ ಎತ್ತಿದ.

"ಕ್ಯಾಸೆಟ್ಟು?" ಎಂದಳು ದೌಲತ್. "ನಿಮ್ಮಪ್ಪ ಹಲ್ವಾ ಡಬ್ಬೀಲಿ ಹಾಕಿದ್ರು."

"ಅಮ್ಮಾ, ನಿನಗೆ ಗೊತ್ತಿತ್ತಾ?"

"ಡಬ್ಬಿ ಕೊಟ್ಟೋಳು ನಾನಲ್ವಾ?"

"ಹಾಳಾಗಿರಬಹುದಮ್ಮ. ಏನೂ ಕೇಳದೆ ಹೋಗಬಹುದು. ನಾನು ಮೊದಲು ಒಬ್ಬನೇ..."

"ವಗ್ದಿ" ಎಂದಳು ದೌಲತ್, "ಹಾಕು."

ಪೆಟ್ಟಿಗೆಯಲ್ಲಿದ್ದ ಟೇಪ್ ರೆಕಾರ್ಡರಿನೊಳಗಿನ ರಬ್ಬರು ಅಂಟಾಗಿ ಕರಗಿತ್ತು. ಇದ್ರೀಸ್ ಕೆಳಗೋಡಿ ಹಾಡು ಕೇಳುವ ತನ್ನ ಟೇಪ್ ತಂದ. ವಗ್ದಿ ಹಲ್ವಾ ಡಬ್ಬಿಯ ಅಂಚಿಗೆ ಸುತ್ತಿದ ಪಟ್ಟಿ ಕಿತ್ತು ಕ್ಯಾಸೆಟ್ ಸಿಕ್ಕಿಸಿದ. ಎರಡು ಸಲ ತಿರುಗುಮುರುಗಾಗಿ ಇಟ್ಟ. ಲುತ್ಫಿ ಸರಿಯಾಗಿ ಇಟ್ಟುಕೊಟ್ಟ.

ಮೊದಲು ಬರೀ ಸೊರ್ರೆಂಬ ಸದ್ದು. ಅದು ಎಷ್ಟು ಉದ್ದವೆಂದರೆ ಅಫ್ಕಾರ್ ಮೇಡಂ ಕೂಡ ಉಸಿರು ಬಿಗಿಹಿಡಿದಳು. ವಗ್ದಿ ಕಣ್ಣು ಮುಚ್ಚಿದ. ಆಮೇಲೆ ಬಾವಿಯ ತಳದಿಂದ ಬಂದಂತೆ, ಗಂಟಲು ಒಡೆಯುವ ವಯಸ್ಸಿನ ಒಂದು ದನಿ.

"ಟ್ರಾಮ್. ಪೂರ್ತಿ ಆಟ. ವಗ್ದಿ, ತಂತಿ ಮುಟ್ಟಬೇಡ, ಕೈ ತೆಗಿ ಅಂದೆ. ಅಮ್ಮಾ, ಇನ್ನೂ ಮುಗಿದಿಲ್ಲ, ಮೆಷಿನ್ ಹಾಕಬೇಡ. ಐದು ನಿಮಿಷ. ಅಮ್ಮಾ, ಕೇಳಿಸ್ತಾ?"

ವಗ್ದಿ ಟೇಪಿನ ತಂತಿಯ ಮೇಲಿದ್ದ ಕೈ ತೆಗೆದ.

"ಕೇಳಿಸ್ತು" ಎಂದಳು ದೌಲತ್. ಬಾಗಿಲ ಕಡೆ ತಿರುಗಿದಳು. "ಸುಹೈರ್, ಮೆಷಿನ್ ನಿಲ್ಲಿಸು."

ಸುಹೈರ್ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಓಡಿಹೋಗಿ ನಿಲ್ಲಿಸಿದಳು. ಹೊಟ್ಟೆ ತುಂಬ ಬಟ್ಟೆ ತುಂಬಿಕೊಂಡಿದ್ದ ಮೆಷಿನ್ ಒಂದು ಸಲ ನರಳಿ ಸುಮ್ಮನಾಯಿತು.

ಅಷ್ಟರಲ್ಲಿ ಟೇಪು ಕಿರುಚಿತು. ತಗಡಿನ ಮೇಲೆ ಮೊಳೆ ಎಳೆದಂತೆ, ಸಾವಿರ ಜೀರುಂಡೆ ಒಟ್ಟಿಗೆ ಕೂಗಿದಂತೆ. ಶೇಖ ಧೂಪದ ತಟ್ಟೆ ಅಲ್ಲೇ ಬಿಟ್ಟು ಮೆಟ್ಟಿಲು ಇಳಿದ ಸದ್ದು ಬೀದಿಯವರೆಗೂ ಕೇಳಿತು. ಅವನು ಹೇಳಿದ್ದನ್ನು ಪಾಲಿಸಿದವರು ಉಳಿದವರು, ಒಬ್ಬರೂ ಕದಲಲಿಲ್ಲ. ಒಂದು ಟ್ರಾಮು, ಅದರ ಪ್ರಯಾಣಿಕರು, ಅಲ್ಪವಿರಾಮಗಳ ಒಂದು ಸಮುದ್ರ, ಎಲ್ಲ ಆ ಕೋಣೆಯನ್ನು ಹಾದು ಹೋಗುತ್ತಿದ್ದವು. ಲುತ್ಫಿ ಟೋಪಿಯನ್ನು ಎದೆಗೆ ಹಿಡಿದು ನಿಂತಿದ್ದ. ಫಿಕ್ರಿ ಫೋನ್ ತೆಗೆದವನು ಮತ್ತೆ ಜೇಬಿಗೆ ಹಾಕಿಕೊಂಡ.

ಕಿರುಚಾಟ ತಟ್ಟನೆ ನಿಂತಿತು. ತಂತಿ ಕಿತ್ತ ಸದ್ದು.

"ಮುಗೀತು ಅಮ್ಮಾ. ಈಗ ಹಾಕ್ಕೋ."

ದೌಲತ್ ಅಂಟಿಕೊಂಡಿದ್ದ ಕೀಲಿಯನ್ನು ಉಗುರಿನಿಂದ ಮೇಲೆತ್ತಿದಳು. ಆಮೇಲೆ ದಿನದ ದನಿಯಲ್ಲೇ ಹೇಳಿದಳು, "ಮುಗೀತಂತೆ ಸುಹೈರ್. ಹಾಕ್ಕೋ ಮಗಳೆ."

ಸುಹೈರ್ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಿಂದ ಮೂಗು ಒರೆಸಿಕೊಂಡು ಹೋಗಿ ಗುಂಡಿ ತಿರುಗಿಸಿದಳು.

ಲುತ್ಫಿ ವರದಿಯಲ್ಲಿ ಏನು ಬರೆದನೋ ಗೊತ್ತಿಲ್ಲ. ಹೋಗುವಾಗ ಉದ್ದ ಕೀಲಿಯನ್ನು ಇನ್ನೊಮ್ಮೆ ಗುದ್ದಿ ಹೋದ. ಕೆಳಗೆ ಮರಳು ಇಳಿಯತೊಡಗಿತು. ಜನ ಒಬ್ಬೊಬ್ಬರೇ ಕರಗಿದರು. ಅಫ್ಕಾರ್ ಮೇಡಂ ದ್ರಾಕ್ಷಿ ಎಲೆಯ ಪಾತ್ರೆ ಈಗಲೇ ಬೇಕಾಗಿಲ್ಲ ಎಂದು ಹೇಳಿ ಹೋದಳು.

"ಇನ್ನೊಂದ್ಸಲ ಹಾಕು" ಎಂದಳು ದೌಲತ್.

ವಗ್ದಿ ಹಾಕಿದ. ಅಣ್ಣ ಬೇಡ ಎಂದಾಗ ಸುಹೈರ್ ಮೆಷಿನ್ ನಿಲ್ಲಿಸಿದಳು, ಮುಗೀತು ಎಂದಾಗ ಹಾಕಿದಳು. ಯಾರೂ ಹೇಳಬೇಕಾಗಲಿಲ್ಲ. ಆಮೇಲೆ ಇನ್ನೊಂದು ಸಲ. ಕತ್ತಲಾಗುವವರೆಗೂ ಹೀಗೇ ನಿಂತು, ತಿರುಗಿ, ನಿಂತು, ತಿರುಗಿ, ಆ ಗುರುವಾರದ ಬಟ್ಟೆ ಹಗ್ಗ ಕಂಡದ್ದು ಶನಿವಾರ.